ಸಾವನದಿಂದ ಅಧಿಸೂಚನೆಯವರೆಗೆ: ಕೊಪ್ಪಳ ಪರಿಸರದ ಸಾರುವ ಪದಗಳು

ಕೊಪ್ಪಳದ ಗವಿಮಠದ ಬೆಟ್ಟ ಹಾಗೂ ಅದಕ್ಕೆ ಸಮೀಪದ ಪಾಲ್ಕಿಗುಂಡುಗಳಲ್ಲಿರುವ ಅಶೋಕನ ಲಘು ಶಿಲಾಶಾಸನಗಳು 1931ರಲ್ಲಿ ಬೆಳಕಿಗೆ ಬಂದವು. ಮರುವರ್ಷ ಆರ್.ಎಲ್. ಟರ್ನರ್ ಅವರು ಇವನ್ನು ಸಂಪಾದಿಸಿ, ಹೈದರಾಬಾದ್ ಪುರಾತತ್ವ ಮಾಲೆಯ 10ನೆಯ ಪ್ರಕಟಣೆಯಾಗಿ ಹೊರತಂದರು. ಈ ಶಾಸನಗಳನ್ನು ಕುರಿತ ಚರ್ಚೆ ಬಹುಮಟ್ಟಿಗೆ ಅವುಗಳ ಲಿಪಿ, ಕಾಲ, ಮೌರ್ಯ ಸಾಮ್ರಾಜ್ಯದ ದಕ್ಷಿಣದ ಎಲ್ಲೆ ಇವುಗಳ ಸುತ್ತಲೇ ನಡೆದುಬಂದಿದೆ. ಅಶೋಕನ ಲಘು ಶಿಲಾಶಾಸನದ ಪಾಠವು ತನ್ನನ್ನು ತಾನು ಏನೆಂದು ಕರೆದುಕೊಂಡಿದೆ ಎಂಬುದೂ ಅಷ್ಟೇ ಗಮನಾರ್ಹವಾದ ಸಂಗತಿ. ಅಲ್ಲಿ ಬಳಕೆಯಾಗಿರುವ ಪದ ‘ಸಾವನ’. ಇದು ಸಂಸ್ಕೃತದ ‘ಶ್ರಾವಣ’ಕ್ಕೆ ಸಮನಾದ ಪ್ರಾಕೃತ ರೂಪ; ಕೇಳು ಎಂಬರ್ಥದ ‘ಶ್ರು’ ಧಾತುವಿನ ಪ್ರೇರಣಾರ್ಥಕದಿಂದ ಬಂದುದು. ಅಂದರೆ ಅರಸನ ಘೋಷಣೆ ಎಂದು ನಾವು ಇಂದು ಅನುವಾದಿಸುವ ಆ ಪದದ ನೇರ ಅರ್ಥ ‘ಕೇಳಿಸಿದುದು’ ಎಂದಷ್ಟೇ. ಹೇಳಿದವನ ಬಾಯಿಗಿಂತ ಕೇಳಿದವನ ಕಿವಿಗೆ ಆ ಪದದಲ್ಲಿ ಹೆಚ್ಚಿನ ಸ್ಥಾನವಿದೆ.

ಆಳುವವರು ಸಾರುವ ಮಾತಿಗೆ ಸಂಬಂಧಿಸಿದ ಪದಗಳ ಅಧ್ಯಯನಕ್ಕೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯು ವಿಶಿಷ್ಟವಾದ ಕ್ಷೇತ್ರವಾಗಿದೆ. ಕ್ರಿ.ಶ. 9ನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳು ಪ್ರದೇಶವನ್ನು ಗುರುತಿಸುವಾಗ ಕಿಸುವೊಳಲು, ಪುಲಿಗೆರೆ, ಒಂಕುಂದಗಳೊಂದಿಗೆ ಕೊಪಣವನ್ನು ಹೆಸರಿಸುತ್ತದೆ. ಆ ಕೊಪಣವೇ ಇಂದಿನ ಕೊಪ್ಪಳ. ಹೀಗೆ ತಿರುಳ್ಗನ್ನಡದ ನಾಡೆನಿಸಿಕೊಂಡ ನೆಲದಲ್ಲಿಯೇ ಆಳುವವರ ಮಾತು ಮೊದಲು ಪ್ರಾಕೃತದಲ್ಲಿ, ಅನಂತರ ಸಂಸ್ಕೃತಮಿಶ್ರಿತ ಶಾಸನಗನ್ನಡದಲ್ಲಿ, ಆಮೇಲೆ ಪಾರಸಿ ಮತ್ತು ಉರ್ದುವಿನಲ್ಲಿ, ಕೊನೆಗೆ ಇಂಗ್ಲಿಷಿನಲ್ಲಿ ಕೇಳಿಬಂದಿತು. ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ 1884ರಲ್ಲಿ ಪಾರಸಿಯ ಸ್ಥಾನಕ್ಕೆ ಉರ್ದು ಬಂದಿತು. ಕೊಪ್ಪಳ ಮತ್ತು ಯಲಬುರ್ಗಾಗಳು ಸಾಲಾರ್ ಜಂಗ್ ಮನೆತನದ ಜಹಗೀರಿಗೆ ಸೇರಿದ್ದವು. 1948ರ ಸೆಪ್ಟೆಂಬರ್‌ನಲ್ಲಿ ಸಂಸ್ಥಾನವು ಭಾರತದ ಒಕ್ಕೂಟದಲ್ಲಿ ವಿಲೀನವಾದ ಮೇಲೆ, 1956ರ ನವೆಂಬರ್ 1ರಂದು ಈ ಭಾಗವು ರಾಯಚೂರು ಜಿಲ್ಲೆಯೊಡನೆ ವಿಶಾಲ ಮೈಸೂರು ರಾಜ್ಯವನ್ನು ಸೇರಿತು. 1997ರಲ್ಲಿ ಕೊಪ್ಪಳವು ಪ್ರತ್ಯೇಕ ಜಿಲ್ಲೆಯಾಯಿತು. ಇಲ್ಲಿನ ಕಚೇರಿ, ನ್ಯಾಯಾಲಯಗಳ ಆವರಣದಲ್ಲಿ ಇಂದಿಗೂ ಫಿರ್ಯಾದಿ, ತಕರಾರು, ಜಾಹೀರು, ಘೋಷಣೆ, ಆದೇಶ, ನೋಟೀಸು, ಅಫಿಡವಿಟ್ಟು, ಡಿಕ್ಲರೇಷನ್ ಎಂಬ ಪದಗಳು ಒಂದರ ಪಕ್ಕ ಒಂದರಂತೆ ಕೇಳಿಬರುತ್ತವೆ.

ಈ ಪದಗಳಲ್ಲಿ ಇಂಗ್ಲಿಷಿನವೆಂದು ನಾವು ತಿಳಿದಿರುವವು ವಾಸ್ತವವಾಗಿ ಲ್ಯಾಟಿನ್ ಮೂಲದವು. ರೋಮನ್ನರ ನ್ಯಾಯಪದ್ಧತಿಯ ಭಾಷೆ ಫ್ರೆಂಚಿನ ಮೂಲಕವೂ ನೇರವಾಗಿಯೂ ಇಂಗ್ಲಿಷಿಗೆ ಇಳಿದು, ಅಲ್ಲಿಂದ ಇಲ್ಲಿಗೆ ಬಂದಿದೆ. ಅಫಿಡವಿಟ್ ಎಂಬುದಂತೂ ಇಂಗ್ಲಿಷಿನ ವೇಷವನ್ನೂ ತೊಡದ ಲ್ಯಾಟಿನ್ ಕ್ರಿಯಾಪದ. ‘ಆತ ಆಣೆಯಿಟ್ಟು ಹೇಳಿದ್ದಾನೆ’ ಎಂಬುದು ಅದರ ಅರ್ಥ. ಒಂದಿಡೀ ವಾಕ್ಯವು ಇಲ್ಲಿ ಕಾಗದವೊಂದರ ಹೆಸರಾಗಿಬಿಟ್ಟಿದೆ. ಇಂತಹ ಪದಗಳನ್ನು ಕನ್ನಡದಲ್ಲಿ ಬಳಕೆಯಲ್ಲಿರುವ ಸಂಸ್ಕೃತ, ಪಾರಸಿ-ಅರಬ್ಬಿ ಪದಗಳೊಡನೆ ಇಟ್ಟು ನೋಡಿದಾಗ ಎರಡು ಬಗೆಯ ಸಂಬಂಧಗಳು ಕಾಣುತ್ತವೆ. ಕೆಲವೆಡೆ ಧಾತುವೇ ಒಂದು. ಲ್ಯಾಟಿನ್, ಸಂಸ್ಕೃತ, ಪಾರಸಿಗಳು ಇಂಡೋ-ಯುರೋಪಿಯನ್ ಕುಟುಂಬಕ್ಕೆ ಸೇರಿದ ಭಾಷೆಗಳಾದ್ದರಿಂದ ಇದು ನಿರೀಕ್ಷಿತವೇ. ಇನ್ನು ಕೆಲವೆಡೆ ಧಾತುಗಳು ಬೇರೆ, ಭಾಷಾಕುಟುಂಬಗಳೂ ಬೇರೆ. ಆದರೆ ಅರ್ಥ ಬೆಳೆದ ದಾರಿ ಒಂದೇ.

ಮೊದಲ ಬಗೆಗೆ ಅತ್ಯುತ್ತಮ ನಿದರ್ಶನವೆಂದರೆ ಆದೇಶ. ಲ್ಯಾಟಿನ್ನಿನಲ್ಲಿ ಹೇಳು ಎಂಬರ್ಥದ ಸಾಮಾನ್ಯ ಕ್ರಿಯಾಪದ ‘ಡೀಕೆರೆ’. ಡಿಕ್ಟೇಷನ್, ವರ್ಡಿಕ್ಟ್, ಈಡಿಕ್ಟ್, ಜ್ಯೂರಿಸ್ಡಿಕ್ಷನ್ ಇವೆಲ್ಲ ಅದರ ಸಂತಾನ. ವರ್ಡಿಕ್ಟ್ ಎಂದರೆ ನಿಜವಾಗಿ ನುಡಿದುದು; ಈಡಿಕ್ಟ್ ಎಂದರೆ ಹೊರಗೆ ಸಾರಿ ಹೇಳಿದುದು. ಅಶೋಕನ ಶಾಸನಗಳನ್ನು ಇಂಗ್ಲಿಷಿನಲ್ಲಿ ಈಡಿಕ್ಟ್‌ಗಳೆಂದೇ ಕರೆಯಲಾಗುತ್ತದೆ. ಈ ಡೀಕೆರೆಯ ಮೂಲಾರ್ಥ ಹೇಳುವುದಲ್ಲ, ಬೆರಳು ಮಾಡಿ ತೋರಿಸುವುದು. ಸಂಸ್ಕೃತದ ‘ದಿಶ್’ ಧಾತು ಇದರ ಒಡಹುಟ್ಟು. ದಿಕ್ಕು, ದಿಶೆ, ದೇಶ, ಉಪದೇಶ, ಸಂದೇಶ, ನಿರ್ದೇಶನ, ಆದೇಶಗಳೆಲ್ಲ ಅದರಿಂದಲೇ ಬಂದವು. ಜಿಲ್ಲಾಧಿಕಾರಿಗಳ ಕಚೇರಿಯಿಂದ ಹೊರಡುವ ಆದೇಶವೂ ರೋಮಿನ ಅಧಿಕಾರಿಯ ಈಡಿಕ್ಟೂ ಮೂಲದಲ್ಲಿ ಒಂದೇ ಚಾಚಿದ ಬೆರಳು ಎಂದರೆ ತಪ್ಪಾಗಲಾರದು.

ಜ್ಞಾ ಧಾತುವಿನ ಕಥೆ ಇದಕ್ಕಿಂತ ಸಂಕೀರ್ಣವಾದುದು. ಹಳಗನ್ನಡ ಶಾಸನಗಳಲ್ಲಿ ಅರಸನ ಮಾತಿಗೂ ಪ್ರಜೆಯ ಮಾತಿಗೂ ಬೇರೆ ಬೇರೆ ಪದಗಳಿವೆ. ಅರಸನು ಬೆಸಸುತ್ತಾನೆ, ಅವನದು ಆಣತಿ, ಅಪ್ಪಣೆ. ಕೆಳಗಿನವರು ಬಿನ್ನವಿಸುತ್ತಾರೆ, ಅವರದು ಬಿನ್ನಪ. ಯಾರು ಯಾರಿಗೆ ಹೇಳಿದರು ಎಂಬುದನ್ನು ಕ್ರಿಯಾಪದವೇ ತಿಳಿಸಿಬಿಡುತ್ತದೆ. ಆದರೆ ಈ ಪದಗಳ ನಿಷ್ಪತ್ತಿಯನ್ನು ನೋಡಿದರೆ, ಆಣತಿಯು ‘ಆಜ್ಞಪ್ತಿ’ಯ ತದ್ಭವ, ಬಿನ್ನಪವು ‘ವಿಜ್ಞಾಪನ’ದ ತದ್ಭವ. ಎರಡರಲ್ಲಿಯೂ ಇರುವುದು ತಿಳಿ ಎಂಬರ್ಥದ ಜ್ಞಾ ಧಾತುವಿನ ಪ್ರೇರಣಾರ್ಥಕ, ಎರಡೂ ‘ತಿಳಿಯಪಡಿಸುವುದೇ’. ‘ಆ’ ಎಂಬ ಉಪಸರ್ಗ ಸೇರಿದಾಗ ಮಾತು ಮೇಲಿನಿಂದ ಕೆಳಗೆ ಇಳಿಯುತ್ತದೆ, ‘ವಿ’ ಸೇರಿದಾಗ ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಲ್ಯಾಟಿನ್ನಿನ ‘ನೋಟುಸ್’, ಅಂದರೆ ತಿಳಿದುದು ಎಂಬ ಪದವೂ ಇದೇ ಮೂಲಧಾತುವಿನಿಂದ ಬಂದುದು. ನೋಟೀಸು, ನೋಟಿಫಿಕೇಷನ್‌ಗಳು ಅದರಿಂದ ಹುಟ್ಟಿದವು. ಎಂದರೆ, ಹನ್ನೆರಡನೆಯ ಶತಮಾನದ ಶಾಸನದ ಬಿನ್ನಪ, ಅದಕ್ಕೆ ಒಪ್ಪಿ ಅರಸನಿತ್ತ ಆಣತಿ, ಇಂದು ತಹಸೀಲ್ದಾರರ ಕಚೇರಿಯಿಂದ ಬರುವ ನೋಟೀಸು, ಈ ಮೂರೂ ದೂರದ ದಾಯಾದಿಗಳು. ಕನ್ನಡದ ಆಡಳಿತ ಬಳಕೆಯಲ್ಲಿ ನೋಟೀಸಿಗೆ ‘ತಿಳುವಳಿಕೆ ಪತ್ರ’ ಎಂಬ ಪದವಿರುವುದು ಇಲ್ಲಿ ಉಲ್ಲೇಖಾರ್ಹ. ಅದನ್ನು ರೂಪಿಸಿದವರು ಲ್ಯಾಟಿನ್ ಧಾತುವನ್ನು ನೋಡಿ ರೂಪಿಸಿದರೋ ಇಲ್ಲವೋ, ಪದವಂತೂ ಮೂಲದ ಅರ್ಥಕ್ಕೆ ಅತ್ಯಂತ ಸಮೀಪದಲ್ಲಿದೆ.

ಪಾರಸಿಯಿಂದ ಬಂದ ಫರ್ಮಾನು ಮತ್ತು ಸಂಸ್ಕೃತದ ಪ್ರಮಾಣಗಳ ನಡುವೆಯೂ ಇಂತಹದೇ ನಂಟಿದೆ. ಪ್ರಾಚೀನ ಪಾರಸಿಯ ‘ಫ್ರಮಾನಾ’ದಲ್ಲಿನ ‘ಫ್ರ’ವು ಸಂಸ್ಕೃತದ ‘ಪ್ರ’ಕ್ಕೆ ಸಮಾನ, ಉಳಿದುದು ಅಳೆ ಎಂಬರ್ಥದ ‘ಮಾ’ ಧಾತು. 1949ರ ನವೆಂಬರ್‌ನಲ್ಲಿ ಭಾರತದ ಸಂವಿಧಾನವನ್ನು ಅಂಗೀಕರಿಸಿ ಏಳನೆಯ ನಿಜಾಮರು ಹೊರಡಿಸಿದುದು ಫರ್ಮಾನು. ನ್ಯಾಯಾಲಯದ ಕಟಕಟೆಯಲ್ಲಿ ಸಾಕ್ಷಿ ಮಾಡುವುದು ಪ್ರಮಾಣ. ಒಂದು ಆಳುವವನ ಮಾತು, ಇನ್ನೊಂದು ಆಳಿಸಿಕೊಳ್ಳುವವನ ಮಾತು. ಆಜ್ಞೆಯ ತದ್ಭವವಾದ ‘ಆಣೆ’ಯೂ ಇದೇ ಹಾದಿ ಹಿಡಿದಿದೆ. ಅರಸನ ಆಣೆ ಎಂದರೆ ಕಟ್ಟಳೆ. ದೇವರಾಣೆ ಎಂದರೆ ಶಪಥ. ಅಪ್ಪಣೆಯ ಪದವೇ ಶಪಥದ ಪದವಾಗಿ ಮಾರ್ಪಡುವುದು ಕುತೂಹಲಕರವಾಗಿದೆ.

ಎರಡನೆಯ ಬಗೆಯಲ್ಲಿ, ಅಂದರೆ ಧಾತು ಬೇರೆಯಾಗಿಯೂ ಅರ್ಥದ ದಾರಿ ಒಂದಾಗಿರುವಲ್ಲಿ, ಹೈದರಾಬಾದಿನ ಆಡಳಿತ ಬಿಟ್ಟುಹೋದ ಪದಗಳು ವಿಶೇಷವಾಗಿ ನೆರವಿಗೆ ಬರುತ್ತವೆ. ಫಿರ್ಯಾದು ಎಂಬುದು ಪಾರಸಿಯ ‘ಫರ್ಯಾದ್’. ಅದರ ಅರ್ಥ ನೆರವಿಗಾಗಿ ಕೂಗುವುದು, ಮೊರೆ. ಇಂಗ್ಲಿಷಿನ ಪ್ಲೇಂಟ್, ಪ್ಲೇಂಟಿಫ್, ಕಂಪ್ಲೇಂಟ್‌ಗಳ ಮೂಲ ಲ್ಯಾಟಿನ್ನಿನ ‘ಪ್ಲಾಂಗೆರೆ’; ಎದೆ ಬಡಿದುಕೊಂಡು ಗೋಳಾಡುವುದು ಎಂಬುದು ಅದರ ಅರ್ಥ. ಕನ್ನಡದ ಮೊರೆ, ಹುಯ್ಯಲುಗಳೂ ಕೂಗೇ. ಹಳಗನ್ನಡದ ಪುಯ್ಯಲ್ ಎಂಬುದು ಆಪತ್ತಿನಲ್ಲಿ ಎಬ್ಬಿಸುವ ಬೊಬ್ಬೆ. ಮೂರು ನಾಡುಗಳಲ್ಲಿಯೂ ನ್ಯಾಯದ ಬಾಗಿಲಿಗೆ ಮನುಷ್ಯ ಮೊದಲು ಬಂದುದು ಅಳುತ್ತಲೇ. ಅನಂತರ ಆ ಅಳುವಿಗೆ ನಮೂನೆ, ಮುದ್ರಾಂಕ, ಶುಲ್ಕಗಳು ಗೊತ್ತಾದವು. ವಾದಿ, ಪ್ರತಿವಾದಿ ಎಂಬ ಸಂಸ್ಕೃತ ಜೋಡಿ ಮಾತ್ರ ಇದಕ್ಕೆ ಹೊರತು. ಅಲ್ಲಿರುವುದು ಕೂಗಲ್ಲ, ಮಾತನಾಡು ಎಂಬರ್ಥದ ‘ವದ್’ ಧಾತು. ತರ್ಕಸಭೆಯ ನೆರಳು ಆ ಪದಗಳ ಮೇಲಿದೆ.

ಜವಾಬ್ದಾರಿಯ ಉದಾಹರಣೆ ಇನ್ನಷ್ಟು ಸೊಗಸಾದುದು. ಅರಬ್ಬಿಯ ‘ಜವಾಬ್’ ಎಂದರೆ ಉತ್ತರ, ಪಾರಸಿಯ ‘ದಾರ್’ ಎಂದರೆ ಉಳ್ಳವನು. ಉತ್ತರ ಕೊಡಬೇಕಾದವನು ಜವಾಬ್ದಾರ. ಲ್ಯಾಟಿನ್ನಿನ ‘ರೆಸ್ಪೊಂಡೆರೆ’ಯಿಂದ ಬಂದ ರೆಸ್ಪಾನ್ಸಿಬಿಲಿಟಿಯೂ ಉತ್ತರ ಕೊಡಬೇಕಾದ ಸ್ಥಿತಿಯೇ. ಕನ್ನಡಿಗನು ಜವಾಬ್ದಾರಿಯನ್ನು ಇಂದು ಹೊರೆ ಎಂಬಂತೆ ಹೊರುತ್ತಾನೆ; ಆ ಪದದೊಳಗೆ ಒಂದು ಪ್ರಶ್ನೆ, ಒಂದು ಉತ್ತರ ಅಡಗಿರುವುದು ಮರೆತುಹೋಗಿದೆ. ಪ್ರಶ್ನೆ ಎಂಬರ್ಥದ ಅರಬ್ಬಿ ಪದವು ಸವಾಲು ಎಂದಾಗಿ ಕನ್ನಡದಲ್ಲಿ ಪಂಥದ ಅರ್ಥವನ್ನು ಪಡೆದುಕೊಂಡಿತು. ತಕರಾರು ಎಂದರೆ ಅರಬ್ಬಿಯಲ್ಲಿ ಪುನರಾವರ್ತನೆ, ಹೇಳಿದ್ದನ್ನೇ ಮತ್ತೆ ಹೇಳುವುದು. ಕನ್ನಡದಲ್ಲಿ ಅದು ಆಕ್ಷೇಪಣೆ, ಜಗಳ. ಕೈಫಿಯತ್ತು ‘ಹೇಗೆ’ ಎಂಬ ಪ್ರಶ್ನಾರ್ಥಕದಿಂದ ಹುಟ್ಟಿದ ಪದ. ಇದ್ದ ಸ್ಥಿತಿಯನ್ನು ಇದ್ದಂತೆ ಹೇಳುವ ಬರಹ. ಎಂ.ಎಂ. ಕಲಬುರ್ಗಿಯವರು ಸಂಪಾದಿಸಿದ ‘ಕರ್ನಾಟಕದ ಕೈಫಿಯತ್ತುಗಳು’ ಸಂಪುಟದಿಂದ ಈ ಪದವು ಕನ್ನಡ ಸಂಶೋಧಕರಿಗೆ ಚಿರಪರಿಚಿತವಾಗಿದೆ.

ಇನ್ನು ಘೋಷಣೆ ಮತ್ತು ಜಾಹೀರುಗಳ ವಿಚಾರ. ಇಂಗ್ಲಿಷಿನ ಡಿಕ್ಲೇರ್ ಮತ್ತು ಪ್ರೊಕ್ಲೇಮ್ ಪದಗಳನ್ನು ಸಮಾನಾರ್ಥಕಗಳೆಂಬಂತೆ ಬಳಸಲಾಗುತ್ತದೆಯಾದರೂ ಅವುಗಳ ಹಿಂದಿನ ಚಿತ್ರಗಳು ಬೇರೆ. ಡಿಕ್ಲೇರ್‌ನಲ್ಲಿರುವುದು ‘ಕ್ಲಾರುಸ್’, ಸ್ಪಷ್ಟವಾದ, ಬೆಳಕಿನಂತಿರುವ. ಪ್ರೊಕ್ಲೇಮ್‌ನಲ್ಲಿರುವುದು ‘ಕ್ಲಾಮಾರೆ’, ಕೂಗು. ಒಂದು ಕಣ್ಣಿಗೆ, ಇನ್ನೊಂದು ಕಿವಿಗೆ. ಅರಬ್ಬಿಯ ‘ಜಾಹಿರ್’ ಎಂದರೆ ಹೊರಗೆ ಕಾಣುವಂತಹುದು. ಅದು ಡಿಕ್ಲೇರ್‌ನ ಪಕ್ಕಕ್ಕೆ ನಿಲ್ಲುತ್ತದೆ. ಸಂಸ್ಕೃತದ ‘ಪ್ರಕಟ’ದಿಂದ ಬಂದ ಪ್ರಕಟಣೆಯ ಸ್ಥಾನವೂ ಅಲ್ಲಿಯೇ. ‘ಘುಷ್’ ಧಾತುವಿನ ಘೋಷಣೆ, ಕನ್ನಡದ್ದೇ ಆದ ಸಾರು ಇವು ಪ್ರೊಕ್ಲೇಮ್‌ನ ಜೊತೆಗಾರರು. ತಮಿಳಿನ ಸಾಟ್ರು, ತೆಲುಗಿನ ಚಾಟು ರೂಪಗಳನ್ನು ನೋಡಿದರೆ ಸಾರು ಎಂಬುದು ದ್ರಾವಿಡ ಮೂಲದ್ದೆಂಬುದರಲ್ಲಿ ಸಂದೇಹವಿಲ್ಲ. ಹಳಗನ್ನಡದಲ್ಲಿ ಇದಕ್ಕೆ ಶಕಟರೇಫವಿದ್ದು, ಸಮೀಪಿಸು ಎಂಬರ್ಥದ ಸಾರ್ ಧಾತುವಿನಿಂದ ಇದು ಭಿನ್ನವಾಗಿತ್ತು.

ಕನ್ನಡದ ಕಾನೂನು ಪರಿಭಾಷೆಯಲ್ಲಿ ಡಿಕ್ಲರೇಷನ್‌ಗೆ ಘೋಷಣೆ, ಪ್ರೊಕ್ಲಮೇಷನ್‌ಗೆ ಉದ್ಘೋಷಣೆ ಎಂದು ಗೊತ್ತುಪಡಿಸಲಾಗಿದೆ. ಕಣ್ಣಿನ ಪದವನ್ನೂ ಕಿವಿಯ ಪದವನ್ನೂ ಒಂದೇ ಧಾತುವಿಗೆ ಒಪ್ಪಿಸಿದ್ದು ಮೇಲ್ನೋಟಕ್ಕೆ ಅಸಮರ್ಪಕವೆನಿಸಬಹುದು. ಆದರೆ ಲ್ಯಾಟಿನ್ನಿನ ಕ್ಲಾರುಸ್ ಕೂಡ ಮೂಲದಲ್ಲಿ ಧ್ವನಿಗೆ ಸಂಬಂಧಿಸಿದ್ದೇ ಎಂದು ಭಾಷಾವಿಜ್ಞಾನಿಗಳು ತೋರಿಸಿದ್ದಾರೆ. ಸ್ಫುಟವಾಗಿ ಕೇಳುವಂತಹುದು ಎಂಬುದು ಹಿಂದಿನ ಅರ್ಥ, ಸ್ಫುಟವಾಗಿ ಕಾಣುವಂತಹುದು ಎಂಬುದು ಆಮೇಲಿನದು. ಕ್ಲಾಮಾರೆಯೂ ಕ್ಲಾರುಸ್ಸೂ ಕರೆ ಎಂಬರ್ಥದ ಒಂದೇ ಧಾತುವಿನ ಕವಲುಗಳು. ಅದೇ ಗುಂಪಿನ ‘ಕಲಾರೆ’ಯಿಂದ, ರೋಮಿನ ಪುರೋಹಿತರು ತಿಂಗಳ ಮೊದಲ ದಿನವನ್ನು ಕೂಗಿ ಹೇಳುತ್ತಿದ್ದ ‘ಕಲೆಂಡೆ’ ಎಂಬ ಹೆಸರು ಬಂದು, ಅದರಿಂದ ಕ್ಯಾಲೆಂಡರು ಹುಟ್ಟಿತು. ಯುಗಾದಿಯ ದಿನ ಪಂಚಾಂಗವನ್ನು ಓದಿ ಕೇಳಿಸುವ ‘ಪಂಚಾಂಗ ಶ್ರವಣ’ದ ರೂಢಿಯನ್ನು ಬಲ್ಲ ನಮಗೆ ಇದು ಅಪರಿಚಿತವೆನಿಸದು. ಹೀಗಾಗಿ ಘೋಷಣೆ ಎಂಬ ಅನುವಾದ ಆಳದಲ್ಲಿ ಸರಿಯಾಗಿಯೇ ಇದೆ. ಸಮಸ್ಯೆ ಇರುವುದು ಪದದಲ್ಲಲ್ಲ. ಘೋಷವಿಲ್ಲದೆಯೇ ಘೋಷಣೆ ನಡೆದುಹೋಗುವುದರಲ್ಲಿ.

ಈ ಮಾತಿಗೆ ಡಂಗುರದ ಇತಿಹಾಸ ಆಧಾರವಾಗುತ್ತದೆ. ಕರ್ನೂಲು ಜಿಲ್ಲೆಯ ಎರ್ರಗುಡಿಯ ಲಘು ಶಿಲಾಶಾಸನದಲ್ಲಿ, ರಜ್ಜುಕನೆಂಬ ಅಧಿಕಾರಿಯು ಭೇರಿಯ ಮೂಲಕ ಜನಪದರಿಗೆ ಆಣತಿಯನ್ನು ತಿಳಿಸಬೇಕೆಂಬ ಸೂಚನೆಯಿದೆ. ಬಂಡೆಯ ಮೇಲಿನ ಬ್ರಾಹ್ಮೀ ಅಕ್ಷರಗಳನ್ನು ಓದಬಲ್ಲವರು ವಿರಳವಾಗಿದ್ದ ಕಾಲದಲ್ಲಿ, ಪ್ರಾಕೃತವೂ ಇಲ್ಲಿನ ಜನರ ಮನೆಮಾತಾಗಿರದ ಸ್ಥಿತಿಯಲ್ಲಿ, ಬರಹವು ಬಾಯಿಂದ ಬಾಯಿಗೆ, ಬಹುಶಃ ಸ್ಥಳೀಯರ ನುಡಿಗೆ ಇಳಿದು ಹೋಗಲೇಬೇಕಿತ್ತು. ಇದಾದ ಎರಡು ಸಾವಿರಕ್ಕೂ ಹೆಚ್ಚು ವರ್ಷಗಳ ತರುವಾಯ, 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೆಯ ಆದೇಶದ 54ನೆಯ ನಿಯಮವು, ಸ್ಥಿರಾಸ್ತಿಯ ಜಪ್ತಿಯನ್ನು ಆ ಆಸ್ತಿಯ ಸ್ಥಳದಲ್ಲಿ ಡಂಗುರ ಹೊಡೆಸಿ ಅಥವಾ ರೂಢಿಯಲ್ಲಿರುವ ಬೇರೆ ವಿಧಾನದಿಂದ ಸಾರಬೇಕೆಂದು ವಿಧಿಸಿತು. ಪ್ರೊಕ್ಲೇಮ್ ಎಂಬ ಲ್ಯಾಟಿನ್ ಪದದ ಜೊತೆಗೆ ಹಳ್ಳಿಯ ಹಲಗೆಯ ಸದ್ದು ಶಾಸನಸಮ್ಮತವಾಗಿ ಸೇರಿಕೊಂಡಿತು. ಹಲಗೆ ಬಡಿಯುವ ಕೆಲಸವನ್ನು ಜಾತಿಯ ಆಧಾರದ ಮೇಲೆ ದಲಿತರಿಗೆ ಹೊರಿಸಲಾಗಿತ್ತೆಂಬುದನ್ನು ಇಲ್ಲಿ ಮರೆಯಲಾಗದು. ಊರಿಗೆಲ್ಲ ಸುದ್ದಿ ಮುಟ್ಟಿಸುವವನಿಗೇ ಊರೊಳಗೆ ಎಡೆಯಿಲ್ಲದ ವ್ಯವಸ್ಥೆಯದು. ದಲಿತ ಚಳವಳಿಯು ಈ ಬಿಟ್ಟಿ ಕೆಲಸವನ್ನು ನಿರಾಕರಿಸಿದ್ದು ನ್ಯಾಯವಾದದ್ದೇ. ಆದರೆ ಡಂಗುರದ ಸ್ಥಾನದಲ್ಲಿ ಅಷ್ಟೇ ದೂರ ಕೇಳಬಲ್ಲ ಬೇರೆ ದನಿಯನ್ನು ಆಡಳಿತವು ಒದಗಿಸಲಿಲ್ಲ. ಅದರ ಎಡೆಗೆ ಬಂದುದು ರಾಜ್ಯಪತ್ರ ಮತ್ತು ಕಚೇರಿಯ ಸೂಚನಾ ಫಲಕ.

ಇದರ ಪರಿಣಾಮ ನೇರವಾಗಿ ನೆಲದ ಮೇಲಾಯಿತು. ತುಂಗಭದ್ರೆಯ ಎಡದಂಡೆಯ ಮುನಿರಾಬಾದಿನಲ್ಲಿ ಅಣೆಕಟ್ಟೆ ಎದ್ದ ಕಾಲದಿಂದ ಈ ಸೀಮೆಯ ರೈತರಿಗೆ ಭೂಸ್ವಾಧೀನವೆಂಬುದು ಪರಿಚಿತ ಸಂಗತಿ. 1894ರ ಭೂಸ್ವಾಧೀನ ಅಧಿನಿಯಮದಂತೆ ಮೊದಲು ಬರುವುದು 4ನೆಯ ಕಲಮಿನ ಪ್ರಾಥಮಿಕ ಅಧಿಸೂಚನೆ. ಅದರ ಬಳಿಕ ಮೂವತ್ತು ದಿನಗಳೊಳಗೆ ತಕರಾರು ಸಲ್ಲಿಸಲು ಅವಕಾಶ. ಅದೂ ಮುಗಿದ ಮೇಲೆ 6ನೆಯ ಕಲಮಿನ ಡಿಕ್ಲರೇಷನ್. ಅದು ಹೊರಟಿತೆಂದರೆ ಸಾರ್ವಜನಿಕ ಉದ್ದೇಶಕ್ಕೆ ಜಮೀನು ಬೇಕಾಗಿದೆಯೆಂಬುದಕ್ಕೆ ಅದೇ ನಿರ್ಣಾಯಕ ಸಾಕ್ಷ್ಯ. ಕನ್ನಡದಲ್ಲಿ ಇದನ್ನು ಅಂತಿಮ ಅಧಿಸೂಚನೆ ಎಂದು ಕರೆಯುವುದು ವಾಡಿಕೆ. ಮೂಲದ ಎರಡು ಪದಗಳಲ್ಲಿ ಒಂದು ತಿಳಿಯಪಡಿಸುವುದು, ಇನ್ನೊಂದು ಸ್ಫುಟಪಡಿಸುವುದು; ಕನ್ನಡದಲ್ಲಿ ಎರಡೂ ‘ಸೂಚಿಸು’ವಿನಲ್ಲಿ ಕರಗಿಹೋದವು. ಸೂಚನೆ ಎಂಬುದು ಸುಳುಹು ಕೊಡುವುದು ಮಾತ್ರ; ಸೂಚಿಸಿದವನಿಗೆ ತಿಳಿಸಿದ ಹೊಣೆಯಿಲ್ಲ. ಸೂಚನೆಯನ್ನು ಗ್ರಹಿಸದಿದ್ದರೆ ತಪ್ಪು ಗ್ರಹಿಸದವನದೇ ಆಗುತ್ತದೆ. ಮೂವತ್ತು ದಿನಗಳ ಎಣಿಕೆಯಾದರೋ ಪ್ರಕಟಣೆಯಿಂದ ಮೊದಲಾಗುತ್ತದೆ, ರೈತನ ಕಿವಿಗೆ ಬಿದ್ದ ದಿನದಿಂದಲ್ಲ. ತಕರಾರಿನ ಹಕ್ಕು ಉಳಿಯುವುದೂ ಅಳಿಯುವುದೂ ಆ ಎಣಿಕೆಯ ಮೇಲೆ ನಿಂತಿದೆ.

1974ರ ತಿದ್ದುಪಡಿಯ ತರುವಾಯದ ಭೂಸುಧಾರಣೆಯಲ್ಲಿ ಇದಕ್ಕೆ ಪ್ರತಿಯಾದ ಚಿತ್ರವೊಂದಿದೆ. ಅಲ್ಲಿ ಹೇಳಬೇಕಾದವನು ಗೇಣಿದಾರನೇ. 1979ರ ಜೂನ್ 30ರ ಒಳಗೆ ನಮೂನೆ 7ರಲ್ಲಿ ಅರ್ಜಿ ಕೊಟ್ಟವನಿಗೆ ಉಳುವ ನೆಲದ ಒಡೆತನ ಕೇಳುವ ಹಕ್ಕು ದೊರೆಯಿತು. ಕೊಡದವನು ಎಷ್ಟು ತಲೆಮಾರು ಉತ್ತಿದ್ದರೂ ಕಾನೂನಿನ ಕಣ್ಣಿಗೆ ಮೌನಿ. ನಮೂನೆ ಪಾರಸಿಯದು, ಅರ್ಜಿ ಅರಬ್ಬಿಯದು. ಉಳುಮೆ ಮಾತ್ರ ಕನ್ನಡದ್ದು.

ಹೀಗೆ ನೋಡಿದಾಗ ಕನ್ನಡದ ಅಚ್ಚ ಪದಗಳು ಆಡಳಿತದಲ್ಲಿ ಉಳಿದುಕೊಂಡಿರುವ ತಾಣಗಳು ಕೆಲವೇ. ಹೇಳಿಕೆ, ದೂರು, ತೀರ್ಪು ಅಂತಹವು. ಇವುಗಳಲ್ಲಿ ತೀರ್ಪು ವಿಶೇಷ ಗಮನಕ್ಕೆ ಅರ್ಹವಾದುದು. ಲ್ಯಾಟಿನ್ನಿನಲ್ಲಿ ನ್ಯಾಯಾಧೀಶನು ‘ಯೂಡೆಕ್ಸ್’, ಕಾನೂನನ್ನು ನುಡಿಯುವವನು. ವರ್ಡಿಕ್ಟ್ ನಿಜವಾದ ನುಡಿ. ಕನ್ನಡದ ತೀರ್ಪು ನುಡಿಗೆ ಸಂಬಂಧಿಸಿದ್ದೇ ಅಲ್ಲ. ಅದು ತೀರು ಧಾತುವಿನಿಂದ ಬಂದುದು. ವ್ಯಾಜ್ಯವು ಮುಗಿಯುವುದು ಎಂಬುದು ಅದರ ಅರ್ಥ. ನ್ಯಾಯಾಧೀಶರು ಏನು ನುಡಿದರೆಂಬುದಕ್ಕಿಂತ, ತನ್ನ ತಲೆಯ ಮೇಲಿನ ತಕರಾರು ತೀರಿತೇ ಎಂಬುದು ಕಕ್ಷಿದಾರನಿಗೆ ಮುಖ್ಯವಾದ್ದರಿಂದ ಈ ಪದವು ಅವನ ಕಡೆಯಿಂದಲೇ ಹುಟ್ಟಿದಂತೆ ತೋರುತ್ತದೆ. ಕೇಳು ಎಂಬ ಕ್ರಿಯಾಪದವೂ ಹೀಗೆಯೇ. ಆಲಿಸು, ಪ್ರಶ್ನಿಸು ಎಂಬ ಎರಡೂ ಅರ್ಥಗಳನ್ನು ಕನ್ನಡವು ಇದೊಂದರಲ್ಲಿಯೇ ಇರಿಸಿಕೊಂಡಿದೆ. ಕೇಳಿದವನೇ ಕೇಳಬಲ್ಲನು ಎಂಬುದು ಕನ್ನಡದಲ್ಲಿ ಶ್ಲೇಷೆಯಲ್ಲ, ವ್ಯಾಕರಣ.

1963ರ ರಾಜಭಾಷಾ ಅಧಿನಿಯಮದಿಂದ ಕನ್ನಡವು ಆಡಳಿತ ಭಾಷೆಯ ಸ್ಥಾನ ಪಡೆದ ಮೇಲೆ ನಡೆದ ಪರಿಭಾಷಾ ನಿರ್ಮಾಣವು ಬಹುಮಟ್ಟಿಗೆ ಸಂಸ್ಕೃತವನ್ನು ಆಶ್ರಯಿಸಿತು. ಇದರಿಂದ ಇಡೀ ರಾಜ್ಯಕ್ಕೆ ಏಕರೂಪದ ಪದಗಳು ದೊರೆತದ್ದು ನಿಜ. ಹೈದರಾಬಾದ್ ಕರ್ನಾಟಕದ ಜನರಿಗಾದರೋ ಫಿರ್ಯಾದು, ಜಾಹೀರುಗಳು ಆ ವೇಳೆಗೆ ಮನೆಯ ಮಾತುಗಳಾಗಿದ್ದವು. ಪರಿವಾದ, ಉದ್ಘೋಷಣೆಗಳು ಉರ್ದುವಿನಷ್ಟೇ ಹೊರಗಿನವಾಗಿ ಕೇಳಿಸಿದವು. ಪದವೊಂದು ದೇಶೀಯವೋ ಅನ್ಯದೇಶ್ಯವೋ ಎಂಬುದಷ್ಟೇ ಪರಿಭಾಷೆಯ ಅಳತೆಗೋಲಾದರೆ ಈ ಬಗೆಯ ವಿಪರ್ಯಾಸ ತಪ್ಪದು.

ಭೂಸ್ವಾಧೀನದ ಹಳೆಯ ಅಧಿನಿಯಮವನ್ನು ರದ್ದುಗೊಳಿಸಿ ಬಂದ 2013ರ ಅಧಿನಿಯಮವು 2014ರ ಜನವರಿ 1ರಿಂದ ಜಾರಿಗೆ ಬಂದಿತು. ಅದರ 11ನೆಯ ಕಲಮಿನಲ್ಲಿ, ರಾಜ್ಯಪತ್ರ ಮತ್ತು ದಿನಪತ್ರಿಕೆಗಳ ಪ್ರಕಟಣೆಯ ಜೊತೆಗೆ, ಅಧಿಸೂಚನೆ ಹೊರಟ ಕೂಡಲೇ ಅದರಲ್ಲಿರುವ ವಿಷಯವನ್ನು ಅದಕ್ಕಾಗಿಯೇ ಕರೆದ ಗ್ರಾಮಸಭೆಗೆ ತಿಳಿಸಬೇಕೆಂಬ ವಿಧಿಯಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 84ನೆಯ ಕಲಮು ಕೂಡ, 1973ರ ಸಂಹಿತೆಯಲ್ಲಿದ್ದಂತೆಯೇ, ತಲೆಮರೆಸಿಕೊಂಡವನ ಬಗೆಗಿನ ಉದ್ಘೋಷಣೆಯನ್ನು ಅವನು ವಾಸವಾಗಿದ್ದ ಊರಿನ ಎದ್ದುಕಾಣುವ ಸ್ಥಳದಲ್ಲಿ ಬಹಿರಂಗವಾಗಿ ಓದಬೇಕೆಂದು ವಿಧಿಸುತ್ತದೆ. ಗವಿಮಠದ ಬಂಡೆಯ ಮೇಲಿನ ಬರಹ ತನ್ನನ್ನು ‘ಕೇಳಿಸಿದುದು’ ಎಂದು ಕರೆದುಕೊಂಡ ಅರ್ಥಕ್ಕೆ ಇಂದಿನ ಕಾನೂನಿನಲ್ಲಿ ಅತ್ಯಂತ ಸಮೀಪವಿರುವುದು ಈ ಎರಡು ಕಲಮುಗಳು. ಇವುಗಳಿಗೆ ಈಗ ಕನ್ನಡದ ಕಡತಗಳಲ್ಲಿ ಬಳಕೆಯಲ್ಲಿರುವುದು ಮಾತ್ರ ಅಧಿಸೂಚನೆ, ಉದ್ಘೋಷಣೆ ಎಂಬ ಪದಗಳೇ.